ಟವೆಲಿನ ಕೆಳಗಿನ ಕೈ

ನಿಮ್ಮ ಸಣ್ಣಜ್ಜ ನನ್ನ ಎದುರು ಬಂದಾಗಲೆಲ್ಲ ಎರಡೂ ಕೈಗಳನ್ನು ಅಂಗಿಯ ಜೇಬಿಗೆ ಸೇರಿಸಿಕೊಳ್ಳುತ್ತಾರೆ. ಅದನ್ನು ನೋಡಿ ನೀವಿಬ್ಬರೂ ನಗುತ್ತೀರಿ, ಆಮೇಲೆ ನನ್ನ ಬಳಿ ಬಂದು ‘ಯಾಕಜ್ಜಿ?’ ಎಂದು ಪೀಡಿಸುತ್ತೀರಿ. ನಾನು ಬಾಯಿಬಿಟ್ಟು ಕಥೆ ಹೇಳುವವಳಲ್ಲ. ನಾಲ್ಕು ಜನ ಕುಳಿತಲ್ಲಿ ನನ್ನ ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಬರೆಯಲು ಮಾತ್ರ ಸಂಕೋಚವಿಲ್ಲ, ಕಾಗದ ನನ್ನ ಮುಖ ನೋಡುವುದಿಲ್ಲ. ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇದು. ನಿಮಗೆ ಕನ್ನಡ ಓದಲು ಬರುವುದು ನಿಮ್ಮ ತಾಯಿಯ ಹಠದಿಂದ. ಓದಿಕೊಳ್ಳಿ.

ನಮ್ಮದು ಈ ಮರಾಠಿ ಊರಿನ ಮಾರ್ಕೆಟ್ ಯಾರ್ಡಿನಲ್ಲಿ ಒಣ ಮೆಣಸಿನಕಾಯಿಯ ಅಡತಿ ಅಂಗಡಿ. ರೈತರು ಮಾಲು ತಂದು ಹಾಕುತ್ತಾರೆ, ಖರೀದಿದಾರರು ಒಯ್ಯುತ್ತಾರೆ, ನಡುವೆ ಗಾದಿಯ ಮೇಲೆ ಲೋಡಿಗೆ ಒರಗಿ ಕುಳಿತವನು ಇಬ್ಬರಿಗೂ ನಮಸ್ಕಾರ ಹೇಳಿ ತನ್ನ ದಲಾಲಿ ಇಟ್ಟುಕೊಳ್ಳುತ್ತಾನೆ. ಅಡತಿಯವನ ಕೆಲಸ ಇಷ್ಟೇ. ಇಷ್ಟು ಮಾಡಿ ಮನೆಗೆ ಬಂದು ‘ದಣಿವಾತು’ ಎಂದು ಕಾಲು ಚಾಚುತ್ತಿದ್ದರು, ನಿಮ್ಮ ಅಜ್ಜನೂ, ಸಣ್ಣಜ್ಜನೂ. ಅಣ್ಣತಮ್ಮಂದಿರಿಬ್ಬರೂ ಒಂದೇ ಗಾದಿಯ ಎರಡು ತುದಿಗೆ ಕುಳಿತು ದಣಿಯುತ್ತಿದ್ದರು.

ಆದರೆ ಒಬ್ಬ ರೈತ ಒಂದು ಅಂಗಡಿಗೇ ವರ್ಷವರ್ಷವೂ ಮಾಲು ತರುವುದು ಯಾತಕ್ಕೆ? ಓಣಿಯ ತುಂಬ ಅಡತಿಗಳೇ, ದಲಾಲಿ ಎಲ್ಲರದೂ ಒಂದೇ. ಅವನು ಬರುವುದು ಊಟಕ್ಕೆ. ಇಂಡಿ, ಜತ್ತ, ಇಂದಾಪುರದ ಕಡೆಯಿಂದ ಲಾರಿಯ ಮೇಲೆ ಚೀಲದ ಜೊತೆ ಚೀಲವಾಗಿ ಕುಳಿತು ಬಂದವನಿಗೆ ಅಡತಿಯವನ ಮನೆಯಲ್ಲಿ ಬಿಸಿನೀರು, ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮಲಗಲು ಜಮಖಾನೆ. ಇದು ನಮ್ಮ ಕಡೆಯ ಅಡತಿಗಳ ಪದ್ಧತಿ. ಬಿಲ್ಲಿನಲ್ಲಿ ಹಮಾಲಿ ಇದೆ, ತೂಕದ ಖರ್ಚು ಇದೆ, ರೊಟ್ಟಿ ಎಲ್ಲೂ ಇಲ್ಲ. ಅದನ್ನು ಬಡಿದವಳಂತೂ ಇಲ್ಲವೇ ಇಲ್ಲ. ಸುಗ್ಗಿಯಲ್ಲಿ ಹಂಚು ತಣ್ಣಗಾದದ್ದನ್ನು ನಾನು ನೋಡಿಲ್ಲ. ಉಂಡು ಎದ್ದವರು ‘ಶೇಟಜೀ, ನಿಮ್ಮ ಮನಿ ಊಟ ಅಂದ್ರ ಊಟ!’ ಎಂದು ಹೊಗಳುತ್ತಿದ್ದುದು ಗಾದಿಯ ಮೇಲಿನವರನ್ನು. ಅವರು ತಾವೇ ಹಿಟ್ಟು ನಾದಿದವರಂತೆ ನಗುತ್ತಿದ್ದರು.

ಆ ರೊಟ್ಟಿಯಿಂದಲೇ ನನಗೆ ಒಂದು ವಿದ್ಯೆ ಬಂತು.

ಹಿಂದೆ ಈ ವ್ಯಾಪಾರದಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಮಾರುವವನ ಮತ್ತು ಕೊಳ್ಳುವವನ ಕೈಗಳ ಮೇಲೆ ಒಂದು ಟವೆಲ್ ಹಾಸುತ್ತಿದ್ದರು, ಒಳಗೆ ಬೆರಳು ಒತ್ತಿ ಮಾತಾಡುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು, ನಾಲ್ಕು ಹಿಡಿದರೆ ನಾಲ್ಕು, ಬಿಟ್ಟು ಮತ್ತೆ ನಾಲ್ಕು ಹಿಡಿದರೆ ಎಂಟು. ಸುತ್ತ ನಿಂತವರಿಗೆ ಟವೆಲ್ ಅಲುಗುವುದು ಕಾಣುತ್ತದೆ, ದರ ಕಾಣುವುದಿಲ್ಲ. ಪರಗಂಡಸಿನ ಕೈಯಲ್ಲಿ ಕೈ ಇಡಬೇಕಾದ ವ್ಯಾಪಾರಕ್ಕೆ ಹೆಣ್ಣುಮಕ್ಕಳು ಬರುವಂತಿಲ್ಲ ಎಂದು ಗಂಡಸರು ಹಿಂದೆಯೇ ತೀರ್ಮಾನ ಮಾಡಿದ್ದರು. ಎಷ್ಟು ಅನುಕೂಲದ ಮರ್ಯಾದೆ ನೋಡಿ! ಕೈ ಮುಟ್ಟಬಾರದು ಎಂಬುದು ನಮ್ಮ ಮಾನ ಕಾಯಲಿಕ್ಕೆ, ದುಡ್ಡು ಅವರ ಕಡೆಗೇ ಉಳಿಯುವುದು ಅದರ ಪುಣ್ಯ.

ನನ್ನ ಅತ್ತೆ ಇದ್ದ ಕಾಲದಲ್ಲಿ ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವ ಹಾಗಿರಲಿಲ್ಲ. ಊಟಕ್ಕೆ ಎಷ್ಟು ಜನ ಬರುತ್ತಾರೆ ಎಂದು ನನಗೆ ತಿಳಿಯುವುದು ಹೇಗೆ? ನಿಮ್ಮ ಅಜ್ಜ ನೀರು ಕೇಳುವ ನೆವದಲ್ಲಿ ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದರು. ನಾನು ಸೆರಗಿನ ಮರೆಯಲ್ಲಿ ಲೋಟ ಕೊಡುವಾಗ ಬೆರಳು ಒತ್ತುತ್ತಿದ್ದರು. ನಾಲ್ಕು, ಆಮೇಲೆ ಮೂರು: ಏಳು ಜನ. ಮೊದಮೊದಲು ನನಗೆ ನಗು ಬಂದು ನೀರು ಚೆಲ್ಲುತ್ತಿತ್ತು. ಅತ್ತೆ ಒಳಗಿನಿಂದ ‘ಲೋಟ ಹಿಡಿಲಾಕೂ ಬರೂದಿಲ್ಲೇನು?’ ಎಂದು ಗದರುತ್ತಿದ್ದರು. ನಮ್ಮ ಸಂಸಾರದ ಸರಸವೆಲ್ಲ ಅಷ್ಟೇ, ಅದೂ ಊಟದ ಲೆಕ್ಕದ ರೂಪದಲ್ಲಿ.

ಕಾಲ ಕಳೆದಂತೆ ಟವೆಲಿನ ವ್ಯಾಪಾರ ನಿಂತುಹೋಯಿತು. ಈಗ ದರ ಕೂಗಿ ಹೇಳುತ್ತಾರೆ, ಮೊಬೈಲಿನಲ್ಲೂ ಬರುತ್ತದೆ. ಆದರೆ ನಮ್ಮ ಓಣಿಯವರು ದೀಪಾವಳಿಯ ಪಾಡ್ಯದ ದಿನ, ಹೊಸ ವರ್ಷದ ಮೊದಲ ವ್ಯವಹಾರವನ್ನು ಮಾತ್ರ ಇವತ್ತಿಗೂ ಟವೆಲಿನ ಕೆಳಗೇ ಮಾಡುತ್ತಾರೆ. ಆ ದಿನ ಒಳಗೆ ಹೋದ ಮೊದಲ ಕೈ ಮಾತು ಮುಗಿಸಿಯೇ ಹೊರಗೆ ಬರಬೇಕು. ಮುರಿದುಬಿದ್ದರೆ ಅಂಗಡಿಗೆ ವರ್ಷವಿಡೀ ಕೇಡು ಎಂದು ನಂಬುತ್ತಾರೆ. ಈ ನಂಬಿಕೆಯಲ್ಲಿ ನಿಮ್ಮ ಸಣ್ಣಜ್ಜ ಎಲ್ಲರಿಗಿಂತ ಮುಂದು. ಬೆಕ್ಕು ಅಡ್ಡ ಬಂದರೆ ಸ್ಕೂಟರ್ ತಿರುಗಿಸಿ ಮನೆಗೆ ಬಂದು ಚಹಾ ಕುಡಿದು ಹೋಗುವ ಮನುಷ್ಯ ಅವರು.

ಇನ್ನು ನಿಮ್ಮ ತಾಯಿಯ ವಿಷಯ. ನಮಗೆ ಇದ್ದವಳು ಅವಳೊಬ್ಬಳೇ. ನಿಮ್ಮ ಅಜ್ಜನಿಗೆ ಮೂತ್ರಪಿಂಡದ ಬೇನೆ ಬಂದಾಗ ಅವಳು ಕಾತ್ರಜದ ಹತ್ತಿರದ ಆಫೀಸಿನಲ್ಲಿದ್ದ ಲೆಕ್ಕಪತ್ರದ ನೌಕರಿ ಬಿಟ್ಟು ಅಂಗಡಿಗೆ ಬಂದಳು. ತಂದೆಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತಳು. ರೈತರ ಜೊತೆ ಫೋನಿನಲ್ಲಿ ಮಾತಾಡಿದಳು, ಮಾಲು ಇಳಿಸಿಕೊಂಡಳು, ತೆರಿಗೆಯ ಕಾಗದ ತುಂಬಿದಳು. ಅವರು ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಅಂಗಡಿ ನಡೆದದ್ದು ಅವಳಿಂದ. ಸಣ್ಣಜ್ಜ ಎದುರಿನ ತುದಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತ ‘ಹುಡುಗಿ ಭಾಳ ಶ್ಯಾಣ್ಯಾ ಅದಾಳ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ನಿಮ್ಮ ಅಜ್ಜ ತೀರಿಕೊಂಡು ದಿನಕರ್ಮ ಮುಗಿದ ಮರುದಿನವೇ ಆ ಶ್ಯಾಣ್ಯಾ ಹುಡುಗಿಯ ಸ್ಟೂಲ್ ಮಾಯವಾಯಿತು. ಸಂಜೆ ಸಣ್ಣಜ್ಜ ಮನೆಗೆ ಬಂದರು. ಅತ್ತಿಗೆಯಾದ ನನ್ನ ಮುಂದೆ ಕುಳಿತು, ಧ್ವನಿ ಇಳಿಸಿ, ಜಗತ್ತಿನ ದುಃಖವನ್ನೆಲ್ಲ ಮುಖಕ್ಕೆ ಬಳಿದುಕೊಂಡು ಹೇಳಿದರು:

“ವೈನಿ, ನಿಮಗ ಏನೂ ಕಡಿಮಿ ಮಾಡೂದಿಲ್ರಿ. ನಾಲ್ಕಾಣೆ ಪಾಲು ನಿಮ್ಮದು. ತಿಂಗಳಾ ತಿಂಗಳಾ ಮನಿಗೇ ಬರ್ತದ. ಆಕೀಗ ಅಂಗಡಿ ತ್ರಾಸ ಯಾಕ? ಮಕ್ಕಳನ್ನ ನೋಡ್ಕೊಂಡು ಆರಾಮ ಇರಲಿ.”

“ಅಪ್ಪಾಂದು ಎಂಟಾಣೆ ಇತ್ತು, ಕಾಕಾ” ಎಂದಳು ನಿಮ್ಮ ತಾಯಿ.

“ಅಣ್ಣ ದುಡೀತಿದ್ದ, ನೋಡವ್ವಾ. ಎಂಟಾಣೆ ದುಡಿಯೂ ಗಂಡಸಿನ ಪಾಲು. ನೀನು ಪಾಡ್ಯಾದ ದಿವಸ ಟವೆಲಿನಾಗ ಕೈ ಹಾಕ್ತೀಯೇನು? ಮಂದಿ ಏನಂದಾರು?”

ರೂಪಾಯಿಗೆ ಹದಿನಾರು ಆಣೆ. ಎಂಟಾಣೆಯೆಂದರೆ ಅರ್ಧ, ನಾಲ್ಕಾಣೆಯೆಂದರೆ ಕಾಲು. ಓಣಿಯ ರೀತಿಯಲ್ಲಿ ಎಂಟಾಣೆ ಪಾಲಿನವರು ಗಾದಿಯ ಮೇಲೆ ಕೂಡುತ್ತಾರೆ, ಅದಕ್ಕಿಂತ ಕಡಿಮೆಯವರಿಗೆ ಲಕೋಟೆ ಮನೆಗೆ ಬರುತ್ತದೆ. ನಾಲ್ಕಾಣೆಗೆ ಹೂಂ ಎಂದರೆ ನಿಮ್ಮ ತಾಯಿಗೆ ಇತ್ತ ಗಾದಿಯೂ ಇಲ್ಲ, ಅತ್ತ ಬಿಟ್ಟ ನೌಕರಿಯೂ ಇಲ್ಲ. ನಿಮ್ಮ ತಂದೆ ವಕೀಲರನ್ನು ಕೇಳಿ ಬಂದರು. ಕಾಯ್ದೆಯ ಪ್ರಕಾರ ಅರ್ಧ ಸಿಗುತ್ತದೆ, ಆದರೆ ಅಂಗಡಿಯ ಪರವಾನಗಿ ಸಣ್ಣಜ್ಜನ ಹೆಸರಿನಲ್ಲಿದೆ, ತೀರ್ಪು ಬರುವಷ್ಟರಲ್ಲಿ ನಿಮ್ಮಿಬ್ಬರ ಮದುವೆಯೇ ಆಗಿರುತ್ತದೆ ಎಂದರಂತೆ ವಕೀಲರು. ನಾನು ಆ ಸಂಜೆ ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಚಹಾ ಕೊಟ್ಟೆ. ನನ್ನ ಮೌನವನ್ನು ಅವರು ಒಪ್ಪಿಗೆಯೆಂದು ಮಡಚಿ ಜೇಬಿಗೆ ಹಾಕಿಕೊಂಡು ಹೋದರು.

ಮುಂದಿನ ಸುಗ್ಗಿಯಲ್ಲಿ ಸಂಶೋಧನೆಯ ಹುಡುಗಿ ಬಂದಳು. ಮೈಸೂರಿನ ಕಡೆಯವಳು, ಇಲ್ಲಿ ಯಾವುದೋ ಸಂಸ್ಥೆಯಲ್ಲಿದ್ದಳು. ಗಂಡಸರ ಗಳಿಕೆಗೂ ಹೆಂಗಸರ ಗಳಿಕೆಗೂ ಯಾಕೆ ಇಷ್ಟು ಅಂತರ ಎಂಬುದರ ಮೇಲೆ ಅವಳ ಸಂಶೋಧನೆ. ಮೆಣಸಿನಕಾಯಿಯ ಓಣಿಯಲ್ಲಿ ಕನ್ನಡದವರು ಬಹಳ ಎಂದು ಅವಳನ್ನು ಕಳಿಸಿದ್ದರು. ವಿಷಯ ಒಳ್ಳೆಯದೇ. ಇಷ್ಟು ದಿನ ಯಾರೂ ಕೇಳದಿದ್ದದ್ದೇ ಆಶ್ಚರ್ಯ. ಆದರೆ ಹುಡುಗಿ ಕುಳಿತದ್ದು ಎಲ್ಲಿ? ಅಂಗಡಿಯಲ್ಲಿ, ಫ್ಯಾನಿನ ಕೆಳಗೆ, ಸಣ್ಣಜ್ಜ ಹಾಕಿಸಿಕೊಟ್ಟ ಕುರ್ಚಿಯ ಮೇಲೆ. ಹೆಂಗಸರಿಗೆ ಯಾಕೆ ಕಡಿಮೆ ಎಂದು ಕೇಳಿದ್ದು ಯಾರನ್ನು? ಕಡಿಮೆ ಕೊಡುವವರನ್ನು. ಕಳುವಿನ ತನಿಖೆಗೆ ಬಂದ ಪೊಲೀಸ ಕಳ್ಳನ ಮನೆಯ ಚಹಾ ಕುಡಿಯುತ್ತ ‘ನೀವೇ ಹೇಳ್ರಿ’ ಎಂದ ಹಾಗಾಯಿತು.

ನಾನು ಆ ಹೊತ್ತಿಗೆ ರೈತರ ಬುತ್ತಿ ತೆಗೆದುಕೊಂಡು ಅಂಗಡಿಗೆ ಹೋಗಿದ್ದೆ. ಮಾಲು ಬಿಟ್ಟು ಬರಲಾಗದವರಿಗೆ ಅಲ್ಲಿಗೇ ಊಟ ಒಯ್ಯುವುದು ರೂಢಿ. ಹುಡುಗಿ ಕೇಳುತ್ತಿದ್ದಳು:

“ಸರ್, ನಿಮ್ಮ ಫ್ಯಾಮಿಲಿ ಲೇಡೀಸ್ ಯಾರಾದ್ರೂ ಬಿಸಿನೆಸ್ಸಲ್ಲಿ ಇನ್‌ವಾಲ್ವ್ ಆಗಿದ್ದಾರಾ?”

“ಇಲ್ರಿ, ನಮ್ಮಲ್ಲಿ ಹೆಣ್ಣಮಕ್ಕಳನ್ನ ದುಡಿಲಾಕ ಹಚ್ಚೂದಿಲ್ರಿ. ಮನ್ಯಾಗ ರಾಣಿಯರಂಗ ಇರ್ತಾರ.”

ಈ ಮಾತಾಡುವಾಗ ಅವರು ನನ್ನ ಬುಟ್ಟಿಯಿಂದ ರೊಟ್ಟಿ ತೆಗೆದು ಹಸಿ ಉಳ್ಳಾಗಡ್ಡಿಯ ಜೊತೆ ಕಚ್ಚುತ್ತಿದ್ದರು. ಪಕ್ಕದಲ್ಲಿ ಇಬ್ಬರು ರೈತರು ಬಾಯಿ ತುಂಬ ತುತ್ತು ಇಟ್ಟುಕೊಂಡು ಹೌದು ಹೌದು ಎಂದು ತಲೆಯಾಡಿಸಿದರು. ರಾಣಿ ಬುಟ್ಟಿ ಇಳಿಸಿ, ಖಾಲಿ ತಂಬಿಗೆ ಎತ್ತಿಕೊಂಡು ನೀರು ತರಲು ಹೋದಳು.

ನಾನು ನೀರು ತಂದಾಗ ಹುಡುಗಿ ಮುಂದಿನ ಪ್ರಶ್ನೆಗೆ ಬಂದಿದ್ದಳು. ಚೀಲ ಹೊರುವ ಹಮಾಲರಿಗೂ, ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರಿಗೂ ಕೂಲಿಯಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಸಣ್ಣಜ್ಜ ಉದಾರವಾಗಿ ನಕ್ಕರು.

“ಭಾರ ಹೊರೂದು ಬ್ಯಾರೆ, ಕುಂತು ಮುರಿಯೂದು ಬ್ಯಾರೆ ಅಲ್ರೀ? ಅವರಿಗಿ ಅದು ಕೆಲಸನ ಅಲ್ಲ. ಮಾತಾಡಕೋತ ಕುಂಡ್ರತಾರ, ಹೊತ್ತು ಹೋಗ್ತದ.”

ಅಂಗಡಿಯ ಹಿಂಬದಿಯಲ್ಲಿ ಹೊತ್ತು ಕಳೆಯುತ್ತಿದ್ದ ಹೆಂಗಸರಿಗೆ ಇದು ಕೇಳಿಸಿತು. ಅವರಲ್ಲಿ ಹಿರಿಯಾಕೆ ನಮ್ಮ ಇಂಡಿ ಕಡೆಯವಳು. ನನ್ನ ನಾಲಗೆ ಎಷ್ಟು ಹಿಂದೋ ಅವಳದು ಅಷ್ಟು ಮುಂದು. ಮೂಗಿಗೆ ಕಟ್ಟಿದ ಬಟ್ಟೆ ಸರಿಸಿ ಅಲ್ಲಿಂದಲೇ ಕೂಗಿದಳು:

“ಯವ್ವಾ, ಓದಿದಾಕಿ, ಇಲ್ಲಿ ಬಾ! ನೀನೂ ಒಂದೀಟು ಹೊತ್ತು ಕಳಿ ಬಾ! ಆ ಕೈಲೆ ಕಣ್ಣ ಮಾತ್ರ ಮುಟ್ಕೋಬ್ಯಾಡ!”

ಹೆಂಗಸರೆಲ್ಲ ನಕ್ಕರು. ಹುಡುಗಿಯೂ ನಗುತ್ತ ಎದ್ದು ಹೋದಳು. ಒಂದು ಹಿಡಿ ಕಾಯಿ ಮುರಿಯುವಷ್ಟರಲ್ಲಿ ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಸುರಿದು, ಮೂಗು ಒರೆಸಿಕೊಳ್ಳಲು ಹೋಗಿ ಅದೇ ಕೈಯನ್ನು ಮುಖಕ್ಕೆ ಒಯ್ದು ಅನಾಹುತ ಮಾಡಿಕೊಂಡಳು. ನಾನು ಅವಳನ್ನು ಮನೆಗೆ ಕರೆತಂದು ಕೈಗೆ ಎಣ್ಣೆ ಹಚ್ಚಿದೆ, ಮುಖಕ್ಕೆ ಹಾಲಿನ ಬಟ್ಟೆ ಇಟ್ಟೆ. ಒಳ್ಳೆಯ ಹುಡುಗಿ. ಉರಿ ಇಳಿದ ಮೇಲೆ ಸುತ್ತ ನೋಡಿದಳು. ಹಂಚು, ಹಿಟ್ಟಿನ ಡಬ್ಬ, ಗೋಡೆಗೆ ಒರಗಿಸಿಟ್ಟ ಜಮಖಾನೆಗಳ ರಾಶಿ.

“ಆಂಟಿ, ಇದೆಲ್ಲ ಯಾರಿಗೆ?” ಎಂದಳು.

ನಾನು ಎಂದಿನಂತೆ ಸೆರಗು ಸರಿಮಾಡಿಕೊಂಡೆ. ನಿಮ್ಮ ತಾಯಿ ಹೇಳಿದಳು. ರೊಟ್ಟಿಯಿಂದ ಹಿಡಿದು ತನ್ನ ಸ್ಟೂಲಿನವರೆಗೆ ಎಲ್ಲ. ನಾಲ್ಕಾಣೆ, ಎಂಟಾಣೆ, ಟವೆಲ್. ಹುಡುಗಿ ಬಹಳ ಹೊತ್ತು ಕೇಳಿದಳು. ಕೊನೆಗೆ, “ಅಯ್ಯೋ, ನಮ್ಮ ಪ್ರಶ್ನೆಗಳಲ್ಲಿ ಇದಕ್ಕೆ ಜಾಗವೇ ಇಲ್ಲ ಆಂಟಿ. ಸಂಬಳ ಇದ್ದರೆ ಕೆಲಸ, ಇಲ್ಲದಿದ್ದರೆ ಗೃಹಿಣಿ ಅಂತ ಬರ್ಕೋಬೇಕು” ಎಂದಳು. ಪ್ರಶ್ನೆ ತಯಾರಿಸಿದವರು ಯಾರೋ, ಅವರ ಮನೆಯಲ್ಲಿ ಊಟ ತಾನಾಗಿಯೇ ತಟ್ಟೆಗೆ ಬಂದು ಬೀಳುತ್ತಿರಬೇಕು. ಪಾಡ್ಯದ ದಿನ ಮತ್ತೆ ಬರುತ್ತೇನೆ, ಟವೆಲಿನ ಪದ್ಧತಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದು ಹೇಳಿ ಹೋದಳು.

ದೀಪಾವಳಿ ಬಂತು. ನಿಮ್ಮ ಅಜ್ಜ ತೀರಿ ವರ್ಷ ತುಂಬಿರಲಿಲ್ಲವಾದ್ದರಿಂದ ಮನೆಯಲ್ಲಿ ಹಬ್ಬವಿರಲಿಲ್ಲ. ಸಣ್ಣಜ್ಜನ ಮನೆಯಲ್ಲೂ ಎಣ್ಣೆ ಹಚ್ಚಲಿಲ್ಲ, ಹೊಸ ಬಟ್ಟೆ ತರಲಿಲ್ಲ. ಆದರೆ ಶೋಕ ಮಾಡಲು ಅಂಗಡಿಗೆ ಯಾವ ಅಣ್ಣನೂ ಸತ್ತಿರಲಿಲ್ಲವಲ್ಲ! ಅಲ್ಲಿ ಚೆಂಡುಹೂವಿನ ಮಾಲೆ, ವಿದ್ಯುತ್ ದೀಪದ ಸರ ಎಲ್ಲ ಇತ್ತು. ಬಂದವರಿಗೆ ಫರಾಳದ ತಿಂಡಿ ಕೊಡಬೇಕು, ಅದನ್ನು ನಾನು ಮಾಡಬೇಕು. ಗಂಡ ಸತ್ತವಳು ಆರತಿ ಹಿಡಿಯುವಂತಿಲ್ಲ, ಲಕ್ಷ್ಮಿಯ ಎದುರು ನಿಲ್ಲುವಂತಿಲ್ಲ. ಚಕ್ಕಲಿ ಕರಿಯಬಹುದು, ಡಬ್ಬ ಹೊರಬಹುದು. ಲಕ್ಷ್ಮಿಗೆ ನನ್ನ ಮುಖ ನಡೆಯುವುದಿಲ್ಲ, ಅವಳ ಭಕ್ತರ ಹೊಟ್ಟೆಗೆ ನನ್ನ ಕೈ ನಡೆಯುತ್ತದೆ.

ನಾನು ಫರಾಳದ ಡಬ್ಬ ಎತ್ತಿಕೊಂಡು ಹಿಂಬಾಗಿಲಿನಿಂದ ಒಳಗೆ ಹೋದಾಗ ಪೂಜೆ ಮುಗಿದಿತ್ತು. ಗಾದಿಯ ನಡುಮಧ್ಯೆ ಸಣ್ಣಜ್ಜ. ನಿಮ್ಮ ಅಜ್ಜ ಕೂಡುತ್ತಿದ್ದ ತುದಿಯಲ್ಲಿ ಎರಡು ಲೋಡು ಪೇರಿಸಿ ಇಟ್ಟಿದ್ದರು, ಯಾರೂ ಕೂಡದ ಹಾಗೆ. ಎದುರಿಗೆ ಮೊದಲ ವ್ಯವಹಾರಕ್ಕೆಂದು ಬಂದ ವಯಸ್ಸಾದ ಖರೀದಿದಾರರು, ನಿಮ್ಮ ಅಜ್ಜನ ಜೊತೆ ಈ ಓಣಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಸುತ್ತ ಓಣಿಯ ಗಂಡಸರು. ನಿಮ್ಮ ತಾಯಿ ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದಳು. ಹುಡುಗಿ ಮೊಬೈಲ್ ಎತ್ತಿ ಹಿಡಿದಿದ್ದಳು.

ಮೊಬೈಲ್ ಕಂಡರೆ ಸಣ್ಣಜ್ಜನಿಗೆ ಎರಡು ಗೇಣು ಹೆಚ್ಚು ಬೆಳೆಯುವ ಚಾಳಿ. ಕೆಂಪಂಚಿನ ಬಿಳಿ ಟವೆಲನ್ನು ಬಲಗೈ ಮೇಲೆ ಹಾಸಿಕೊಂಡು ವಿವರಿಸತೊಡಗಿದರು. ಮುಹೂರ್ತಕ್ಕೆ ಇನ್ನೂ ಸ್ವಲ್ಪ ಸಮಯವಿತ್ತು. ಅಷ್ಟರಲ್ಲಿ ಒಮ್ಮೆ ಮಾಡಿ ತೋರಿಸೋಣ, ಕೈ ಕೊಡಿ ಎಂದು ಎದುರಿಗಿದ್ದ ಹಿರಿಯರನ್ನು ಕರೆದರು. ಹಿರಿಯರು ಕೈ ಹಿಂದಕ್ಕೆ ಎಳೆದುಕೊಂಡರು.

“ಪಹಿಲಾ ಹಾತ ಖೇಳಾಯಲಾ ನಸ್ತೊ, ಶೇಟ” ಎಂದರು ಮರಾಠಿಯಲ್ಲಿ. ಮೊದಲ ಕೈ ಆಟಕ್ಕಲ್ಲ.

ಅಷ್ಟು ಕೇಳಿಯಾದರೂ ಸುಮ್ಮನಿರಬೇಕಿತ್ತು. ಆದರೆ ಹುಡುಗಿ ನೋಡುತ್ತಿದ್ದಾಳೆ, ಮೊಬೈಲ್ ನೋಡುತ್ತಿದೆ. ಸಣ್ಣಜ್ಜ ಟವೆಲ್ ಹೊದ್ದ ಕೈಯನ್ನು ಎಲ್ಲರ ಮುಂದೆ ಚಾಚಿ ನಕ್ಕರು.

“ಬರ್ರೆಪಾ ಯಾರರೆ! ಹುಡುಗಿಗಿ ತೋರ್ಸೋಣು. ಯಾರ ಕೈಯಾದರೂ ನಡೀತದ!”

ಯಾರ ಕೈಯಾದರೂ ನಡೆಯುತ್ತದೆ. ನಾನು ಡಬ್ಬ ಕೆಳಗಿಟ್ಟೆ. ಸೆರಗಿನಿಂದ ಕೈ ಒರೆಸಿಕೊಂಡೆ. ಅಲ್ಲಿಂದ ಗಾದಿಯವರೆಗೆ ನಡೆದದ್ದು ಹೇಗೆಂದು ನನಗೇ ಗೊತ್ತಿಲ್ಲ. ಆದರೆ ಒಂದು ಸಮಾಧಾನವಿತ್ತು: ಇಲ್ಲಿ ಮಾತಾಡಬೇಕಾಗಿಲ್ಲ. ಟವೆಲಿನ ಕೆಳಗೆ ಕೈ ಹಾಕಿ ಅವರ ಕೈ ಹಿಡಿದೆ.

ಸಣ್ಣಜ್ಜ ಬೆಚ್ಚಿ ನನ್ನ ಮುಖ ನೋಡಿದರು. “ವೈನಿ! ನೀವ್ಯಾಕ... ಇದು ನಿಮಗ ತಿಳಿಯೂದಿಲ್ರಿ” ಎಂದರು, ಮೊಬೈಲಿನ ಕಡೆಗೆ ನಗು ಬಿಡದೆ. ನಾನು ಅವರ ನಾಲ್ಕು ಬೆರಳು ಹಿಡಿದು ಒತ್ತಿದೆ. ಬಿಟ್ಟೆ. ಮತ್ತೆ ನಾಲ್ಕು ಹಿಡಿದು ಒತ್ತಿದೆ.

ನಗು ನಿಂತಿತು.

ಕೈ ಬಿಡಿಸಿಕೊಳ್ಳಲು ಒಮ್ಮೆ ಎಳೆದರು. ವರ್ಷಗಟ್ಟಲೆ ರೊಟ್ಟಿ ಬಡಿದ ಕೈ, ಲೋಡಿಗೆ ಒರಗಿದ ಕೈಯನ್ನು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಹಿರಿಯರು ಮುಂದಕ್ಕೆ ಬಾಗಿ ಕುಳಿತರು. “ಪಹಿಲಾ ಹಾತ ಪಡಲಾ” ಎಂದರು. ಮೊದಲ ಕೈ ಬಿತ್ತು. ಓಣಿಯ ಗಂಡಸರು ಹತ್ತಿರಕ್ಕೆ ಸರಿದರು. ವಿಧವೆಯ ಕೈ ಮೊದಲ ಕೈಯಾದದ್ದು ಕೆಟ್ಟದ್ದು, ಆದರೆ ಪಾಡ್ಯದ ಮೊದಲ ಮಾತು ಮುರಿಯುವುದು ಅದಕ್ಕಿಂತ ಕೆಟ್ಟದ್ದು. ಸಣ್ಣಜ್ಜನ ಮುಖದಲ್ಲಿ ಎರಡು ಕೇಡುಗಳು ಒಂದಕ್ಕೊಂದು ಗುದ್ದಾಡುವುದು ಕಾಣುತ್ತಿತ್ತು. ಸುಳ್ಳೇಕೆ, ನನಗೆ ಅದು ಕಣ್ಣಿಗೆ ಹಬ್ಬವಾಗಿತ್ತು.

ಅವರು ನಾಲ್ಕು ಒತ್ತಿದರು.

ನಾನು ನಾಲ್ಕು, ಮತ್ತೆ ನಾಲ್ಕು ಒತ್ತಿದೆ.

“ವೈನಿ, ಮನ್ಯಾಗ ಕುಂತು ಮಾತಾಡೋಣ್ರಿ” ಎಂದು ಪಿಸುಗುಟ್ಟಿದರು. ಓಣಿಯವರೊಬ್ಬರು ಹಿಂದಿನಿಂದ, “ಟವೆಲಿನಾಗ ಬಾಯಿ ಇಲ್ರಿ ಶೇಟ, ಬೆರಳಲೇ ಮಾತಾಡ್ರಿ!” ಎಂದು ಕಿಚಾಯಿಸಿದರು. ಕೆಲವರು ಕಿಸಕ್ಕೆಂದು ನಕ್ಕರು.

ಸಣ್ಣಜ್ಜ ಒತ್ತಿದರು: ನಾಲ್ಕು, ಆಮೇಲೆ ಎರಡು. ಆರಾಣೆ. ಅವರ ಅಂಗೈ ಬೆವೆತು ಜಾರುತ್ತಿತ್ತು. ಊಟಕ್ಕೆ ಆರು ಜನ ಎಂದು ಇದೇ ಬೆರಳ ಭಾಷೆಯಲ್ಲಿ ಎಷ್ಟೋ ಸಲ ಕೇಳಿದ್ದೆ. ನಿಮ್ಮ ಅಜ್ಜನ ಒತ್ತಿನಲ್ಲಿ ಕೋರಿಕೆಯಿತ್ತು, ಇವರ ಒತ್ತಿನಲ್ಲಿ ಭಿಕ್ಷೆ ಹಾಕುವವನ ಗತ್ತು. ನಾನು ಬದಲಿಸಲಿಲ್ಲ. ನಾಲ್ಕು, ಮತ್ತೆ ನಾಲ್ಕು.

ಹೊರಗೆ ಪಟಾಕಿ ಸಿಡಿಯುತ್ತಿದ್ದವು. ಚಪ್ಪಲಿಗಳ ಹತ್ತಿರ ನಿಂತಿದ್ದ ನಿಮ್ಮ ತಾಯಿ ಹೊಸ್ತಿಲ ಒಳಗೆ ಒಂದು ಕಾಲಿಟ್ಟಿದ್ದಳು. ಹಿರಿಯರು ಗೋಡೆಯ ಗಡಿಯಾರ ನೋಡಿ, ಮುಹೂರ್ತ ಬಂತು ಎಂದು ಗಂಟಲು ಸರಿಮಾಡಿಕೊಂಡರು. ಆಗ ಸಣ್ಣಜ್ಜನ ಬೆರಳುಗಳು ನನ್ನ ನಾಲ್ಕು ಬೆರಳನ್ನು ಹಿಡಿದವು. ಬಿಟ್ಟವು. ಮತ್ತೆ ಹಿಡಿದವು.

“ಝಾಲಾ?” ಎಂದು ಹಿರಿಯರು ಕೇಳಿದರು.

“ಝಾಲಾ” ಎಂದರು ಸಣ್ಣಜ್ಜ. ಆಯಿತು. ಧ್ವನಿ ಬಾವಿಯಿಂದ ಬಂದ ಹಾಗಿತ್ತು.

ಏನು ಆಯಿತೆಂದು ಯಾರೂ ಕೇಳಲಿಲ್ಲ, ಕೇಳುವ ಪದ್ಧತಿಯಿಲ್ಲ. ಆದರೆ ಪಾಲಿನ ವಿಷಯ ಓಣಿಗೆಲ್ಲ ತಿಳಿದಿದ್ದರಿಂದ ಎಲ್ಲರಿಗೂ ಗೊತ್ತಾಯಿತು. ಹಿರಿಯರು ಎದ್ದು ನಿಮ್ಮ ಅಜ್ಜನ ತುದಿಯ ಲೋಡುಗಳನ್ನು ತಾವೇ ಸರಿಸಿ ಬಾಗಿಲ ಕಡೆ ನೋಡಿದರು. ನಿಮ್ಮ ತಾಯಿ ಬಂದು ಕುಳಿತಳು. ನಾನು ಡಬ್ಬ ತೆರೆದು ಚಕ್ಕಲಿ ಹಂಚಿದೆ. ಎಲ್ಲರೂ ತಿಂದರು. ಮಾರನೆಯ ದಿನದಿಂದ ಸಣ್ಣಜ್ಜ ಓಣಿಯ ತುಂಬ ಹೇಳಿಕೊಂಡು ತಿರುಗಿದರು: ‘ಅಣ್ಣನ ಮಗಳು ಅಂತ ನಾನ ಕರದು ಕುಂಡ್ರಿಸಿದ್ಯಾ.’ ಹೇಳಿಕೊಳ್ಳಲಿ. ಅಷ್ಟು ಉಪ್ಪಿನಕಾಯಿ ಅವರ ತಟ್ಟೆಯಲ್ಲಿರಲಿ.

ಹುಡುಗಿಯ ಮೊಬೈಲಿನಲ್ಲಿ ಟವೆಲ್ ಅಲುಗುವುದು ಬಿಟ್ಟರೆ ಏನೂ ಬಂದಿರಲಿಲ್ಲ. “ಒಳಗೆ ಏನು ನಡೀತು ಆಂಟಿ?” ಎಂದು ಕೇಳಿದಳು. ನನಗೆ ಅವತ್ತು ಬಾಯಿ ಬಂತು. “ಅದನ್ನ ಕೇಳಲಾಕ ಅಲ್ಲೇನವ್ವಾ ನೀ ಬಂದಿದ್ದು? ಕುರ್ಚಿ ಮ್ಯಾಲ ಕುಂತ್ರ ಕಾಣೂದಿಲ್ಲ” ಎಂದೆ. ಅವಳು ಮೊಬೈಲ್ ಚೀಲಕ್ಕೆ ಹಾಕಿ ನನ್ನ ಜೊತೆ ಮನೆಗೆ ಬಂದಳು. ಆಮೇಲೆ ಸಂಸ್ಥೆಯವರಿಗೆ ಹೊಸ ಪ್ರಶ್ನೆಗಳನ್ನು ಬರೆದು ಕಳಿಸಿದಳಂತೆ. ಅವರು ಯೋಚಿಸುತ್ತಿದ್ದಾರಂತೆ. ಯೋಚಿಸಲಿ, ಅವರಿಗೆ ಅದಕ್ಕೆ ಪಗಾರವಿದೆ.

ಪಗಾರ ಎಂದಾಗ ನೆನಪಾಯಿತು. ನಿಮ್ಮ ತಾಯಿ ಗಾದಿಗೆ ಬಂದ ಮೇಲೆ ರೈತರ ಅಡುಗೆಗೆ ಜನ ಇಡೋಣ, ಅವ್ವ ಇನ್ನು ಮಾಡುವುದಿಲ್ಲ ಎಂದಳು. ಸಣ್ಣಜ್ಜ ಒಬ್ಬ ಅಡುಗೆಯವನನ್ನು ಕರೆತಂದರು. ಅವನು ಕೇಳಿದ ಪಗಾರಕ್ಕೆ ಚೌಕಾಶಿ ಕೂಡ ಮಾಡದೆ ಒಪ್ಪಿದರು. ಅವನ ರೊಟ್ಟಿ ಅಂಚಿನಲ್ಲಿ ಹಸಿ, ನಡುವೆ ಕರಕು. ಆದರೂ ಅದು ಕೆಲಸ. ನನ್ನದು ಹೊತ್ತು ಕಳೆಯುವುದಾಗಿತ್ತು.

ಇಷ್ಟಕ್ಕೆ ನಿಲ್ಲಿಸಿದ್ದರೆ ನಿಮಗೆ ಚೆಂದದ ಕಥೆಯಾಗುತ್ತಿತ್ತು. ಆದರೆ ಮೊನ್ನೆ ಸುಗ್ಗಿ ಶುರುವಾದಾಗ ತೊಟ್ಟು ಮುರಿಯುವ ಹಿರಿಯಾಕೆ ಗಾದಿಯ ಮುಂದೆ ಬಂದು ನಿಂತಳು. ನಾನೂ ಅಲ್ಲಿದ್ದೆ, ಈಗ ಮುಂಬಾಗಿಲಿನಿಂದಲೇ ಹೋಗುತ್ತೇನೆ.

“ಅಕ್ಕಾರ, ಈಗ ನೀವ ಮಾಲಕರು. ಹಮಾಲರಿಗಿ ಕೊಟ್ಟಂಗ ನಮಗೂ ಕೊಡ್ರಿ. ಅವರದು ಭಾರ, ನಮ್ಮದು ಬೆಂಕಿ” ಎಂದಳು.

ನಿಮ್ಮ ತಾಯಿ ಪೆನ್ನು ಕೆಳಗಿಟ್ಟಳು. “ಓಣಿ ರೇಟ್ ಅದ ಅಲ್ಲವ್ವಾ. ನಾ ಒಬ್ಬಾಕಿ ಹೆಚ್ಚು ಕೊಟ್ರ ಮಂದಿ ಏನಂದಾರು?” ಎಂದಳು.

ಮಂದಿ ಏನಂದಾರು! ಅದೇ ಮಾತು, ಅದೇ ಲೋಡು, ಅದೇ ಒರಗುವ ರೀತಿ. ಎದುರು ತುದಿಯಲ್ಲಿ ಸಣ್ಣಜ್ಜ ಎಲೆಗೆ ಸುಣ್ಣ ಸವರುತ್ತ ನನ್ನನ್ನು ನೋಡಿ ಮೊದಲ ಬಾರಿಗೆ ಮನಸಾರೆ ನಕ್ಕರು. ನನಗೆ ಮೈ ಉರಿಯಿತು. ಆ ಗಾದಿಯ ಹತ್ತಿಯಲ್ಲೇ ಏನೋ ಇರಬೇಕು.

ಹಿರಿಯಾಕೆಯೂ ನಕ್ಕಳು. ಅವಳಿಗೆ ಪಾಡ್ಯದ ಕಥೆ ಗೊತ್ತಿತ್ತು. ಅವಳು ತನ್ನ ಹರಿದ ಸೆರಗನ್ನು ಬಲಗೈ ಮೇಲೆ ಹಾಸಿಕೊಂಡು, ಮೆಣಸಿನಕಾಯಿಯ ಕೆಂಪು ಹತ್ತಿದ ಬೆರಳುಗಳನ್ನು ಒಳಗೆ ಮಡಚಿ, ಕೈಯನ್ನು ಗಾದಿಯ ಕಡೆಗೆ ಚಾಚಿದಳು.

“ಬರ್ರಿ ಅಕ್ಕಾರ, ಬೆರಳಲೇ ಮಾತಾಡೋಣ.”

ನಿಮ್ಮ ತಾಯಿ ಆ ಕೈಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಮುಖ ತಿರುಗಿಸಿ ಬಾಗಿಲ ಹೊರಗೆ ಲಾರಿ ಖಾಲಿಯಾಗುವುದನ್ನು ನೋಡುತ್ತ ನಿಂತೆ. ಗಾದಿ ಕೊಡಿಸುವುದು ನನ್ನ ಕೆಲಸವಾಗಿತ್ತು, ಮುಗಿದಿದೆ. ಕೈ ಕೊಡಬೇಕಾದವಳು ಅವಳು. ಅವತ್ತು ಸೆರಗಿನ ಕೆಳಗೆ ಎಷ್ಟು ಒತ್ತಿದಳೆಂದು ನನಗೆ ಗೊತ್ತಿಲ್ಲ, ಓಣಿಯ ಪದ್ಧತಿಯಂತೆ ನಾನು ಕೇಳುವಂತಿಲ್ಲ. ನೀವು ಮಕ್ಕಳು. ಊಟಕ್ಕೆ ಕುಳಿತಾಗ ನೀವೇ ಕೇಳಿ.